ಹಳೇ ಕುಸ್ತಿ ಕ್ಯಾಸೆಟ್ಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಟ ಸ್ವಚ್ಛ ಮಾಡುವಾಗಲೋ ಮನೆ ಪಾಲಾಗುವಾಗಲೋ ಸಿಕ್ಕ ವಿಡಿಯೋ ಕ್ಯಾಸೆಟ್ಟನ್ನು ಕೈಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಯ ನಮ್ಮ ಮನೆಗೆ ಬರುವವರಿದ್ದಾರೆ. 2025ರ ಜುಲೈ 24ರಂದು ಅಮೆರಿಕದ ಕುಸ್ತಿಪಟು ಹಲ್ಕ್ ಹೋಗನ್ ತೀರಿಕೊಂಡ ಮೇಲಂತೂ ಧಾರವಾಡ, ಗದಗ, ರಾಣೆಬೆನ್ನೂರಿನಿಂದಲೂ ಫೋನು ಬಂದವು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದನ್ನೇ. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟರೆ, ರೀಲು ಹಾಳಾಗುವ ಮೊದಲೇ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಯಾವ ಕಾಲದ ಕ್ಯಾಸೆಟ್ಟುಗಳು ಇವು?

ನಾನು ಕೂಡಿಸಿಟ್ಟಿರುವುದು ಮುಖ್ಯವಾಗಿ 1985ರಿಂದ 1993ರವರೆಗಿನವು. 1985ರ ಮಾರ್ಚ್ 31ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅಮೆರಿಕದ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್‌ನ ದೊಡ್ಡ ವಾರ್ಷಿಕ ಪ್ರದರ್ಶನ ರೆಸಲ್‌ಮೇನಿಯಾ ಮೊದಲ ಸಲ ನಡೆಯಿತು. ಅದೇ ವರ್ಷ ಕೊಲಿಸಿಯಂ ವಿಡಿಯೋ ಎಂಬ ಕಂಪನಿ ಅದರ ಪಂದ್ಯಗಳನ್ನು ಕ್ಯಾಸೆಟ್ಟಿನಲ್ಲಿ ಮಾರಲು ಶುರುಮಾಡಿತು. ನಮ್ಮಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂತು, ಅದರ ಬೆನ್ನಿಗೇ ಕ್ಯಾಸೆಟ್ ಹಾಕಿ ನೋಡುವ ವಿಸಿಆರ್. ಕೇಬಲ್ಲು ಮನೆಮನೆಗೆ ಬರುವವರೆಗೆ ಹೋಗನ್ನನನ್ನು ನೋಡಬೇಕೆಂದರೆ ಕ್ಯಾಸೆಟ್ಟೇ ಗತಿ. ಆಗ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯ ತಾಲೂಕುಗಳು. ಬೇರೆ ಜಿಲ್ಲೆಗಳಾದದ್ದು 1997ರಲ್ಲಿ. ಹಾಗಾಗಿ ಕ್ಯಾಸೆಟ್ಟಿನ ಮೇಲೆ ‘ಗದಗ, ಜಿ. ಧಾರವಾಡ’ ಎಂಬ ಅಂಗಡಿಯ ಮುದ್ರೆ ಕಂಡರೆ ಅದು ಆ ಕಾಲದ್ದೇ ಎಂದು ತಿಳಿಯಿರಿ.

ನಮ್ಮ ಕ್ಯಾಸೆಟ್ ಮೇಲೆ ಕಂಪನಿಯ ಚಿತ್ರವೇ ಇಲ್ಲ. ಬಾಲ್‌ಪೆನ್ನಿನಿಂದ ‘ಕುಸ್ತಿ 3’ ಅಂತ ಬರೆದಿದೆ. ಅಸಲಿ ಅಲ್ಲವೇ?

ಅಲ್ಲ. ನಮ್ಮ ಕಡೆ ತಲುಪಿದ್ದು ಬಹುತೇಕ ಪ್ರತಿಯ ಪ್ರತಿಗಳು. ಗಲ್ಫಿನಿಂದ ಬಂದವರು ಒಂದು ತರುತ್ತಿದ್ದರು, ಮುಂಬಯಿಯಲ್ಲಿ ಅದರ ಪ್ರತಿ ಆಗುತ್ತಿತ್ತು, ಅಲ್ಲಿಂದ ಬಂದದ್ದನ್ನು ಹುಬ್ಬಳ್ಳಿಯ ವಿಡಿಯೋ ಲೈಬ್ರರಿಯವರು ಮತ್ತೊಮ್ಮೆ ಇಳಿಸುತ್ತಿದ್ದರು. ಒಂದೊಂದು ಇಳಿಸುವಿಕೆಗೂ ಬಣ್ಣ ಒಂದಿಷ್ಟು ಹರಡುತ್ತದೆ, ಅಂಚು ಮೆತ್ತಗಾಗುತ್ತದೆ. ಹೋಗನ್ನನ ಹಳದಿ ಬನಿಯನ್ನಿನ ಬಣ್ಣ ಅವನ ಮೈಯಾಚೆ ಚೆಲ್ಲಿದಂತೆ ಕಂಡರೆ ಅದು ಮೂರನೆಯದೋ ನಾಲ್ಕನೆಯದೋ ಪೀಳಿಗೆಯ ಪ್ರತಿ.

ಆದರೆ ಅಸಲಿ ಅಲ್ಲವೆಂದು ಎಸೆಯಬೇಡಿ. ಕೊಲಿಸಿಯಂ ಕಂಪನಿಯ ಅಸಲಿ ಡಬ್ಬಿ ಅಮೆರಿಕದಲ್ಲಿ ಇವತ್ತಿಗೂ ಸಿಗುತ್ತದೆ. ‘ಕುಸ್ತಿ 3’ ಎಂದು ನಿಮ್ಮ ಕಾಕಾ ಬರೆದದ್ದು ನಿಮ್ಮ ಮನೆಯಲ್ಲಿ ಮಾತ್ರ ಇದೆ.

ನೀವು ಎಲ್ಲಿ ನೋಡಿದಿರಿ?

ಬೆಟಗೇರಿಯಲ್ಲಿ. ಗದಗಿನ ಜೋಡಿ ಊರು, ಓಣಿ ಓಣಿಯಲ್ಲಿ ಮಗ್ಗದ ಸದ್ದು. ಸೋದರಮಾವ ಮುಂಬಯಿಯಿಂದ ವಿಸಿಆರ್ ತಂದಾಗ ನಾನು ನಾಲ್ಕನೇ ಇಯತ್ತೆ. ಅಜ್ಜನ ಮನೆಯ ಪಡಸಾಲೆಯಲ್ಲಿ ಟಿವಿಯನ್ನು ಕಬ್ಬಿಣದ ಟ್ರಂಕಿನ ಮೇಲೆ ಇಟ್ಟು, ಬಾಗಿಲ ಎರಡೂ ಕದ ತೆಗೆದು, ಓಣಿಯವರೆಲ್ಲ ಜಮಖಾನೆಯ ಮೇಲೆ ಕೂಡುತ್ತಿದ್ದೆವು. ಕ್ಯಾಸೆಟ್ಟಿನ ಬಾಡಿಗೆ ದಿನಕ್ಕೆ ಹತ್ತು ರೂಪಾಯಿ, ಓಣಿಯ ಹುಡುಗರ ಪಟ್ಟಿ. ಮರುದಿನ ಮುಂಜಾನೆ ಹತ್ತಕ್ಕೆ ವಾಪಸ್ ಕೊಡಬೇಕು, ರೀಲನ್ನು ಮೊದಲಿಗೆ ಸುತ್ತಿಯೇ ಕೊಡಬೇಕು. ಕರೆಂಟು ಹೋದರೆ ಯಾರೂ ಏಳುತ್ತಿರಲಿಲ್ಲ. ಮಂಡಕ್ಕಿ ಮಿರ್ಚಿ ಪೊಟ್ಟಣ ಬಿಚ್ಚಿ ಕತ್ತಲಲ್ಲೇ ಮುಂದೇನಾಗುತ್ತದೆಂದು ವಾದ ಮಾಡುತ್ತಿದ್ದೆವು. ಇಂಗ್ಲಿಷ್ ವಿವರಣೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಿದ್ದವನ ಮೇಲೆ ರೆಫರಿ ಎಣಿಸುವ ‘ಒನ್, ಟೂ’ ಮಾತ್ರ ತಿಳಿಯುತ್ತಿತ್ತು, ‘ಥ್ರೀ’ ಎನ್ನಲು ಮನೆಯೇ ಬಾಯಿ ತೆರೆಯುತ್ತಿತ್ತು.

ಹಿಂದಿನ ಸಾಲಿನಲ್ಲಿ, ಕಂಬಕ್ಕೆ ಒರಗಿ, ಓಣಿಯ ಒಬ್ಬ ಹಿರಿಯ ಪೈಲ್ವಾನರು ಕೂಡುತ್ತಿದ್ದರು. ಕಿವಿ ಮುರಿದು ಗಂಟು ಕಟ್ಟಿದ್ದವು. ಜಾತ್ರೆಯ ಕಣಗಳಲ್ಲಿ ಬೆಳ್ಳಿ ಕಡಗ ಗೆದ್ದವರು. ಅವರ ಮಾತು ಈ ಪುಟದಲ್ಲಿ ಮತ್ತೆ ಬರುತ್ತದೆ, ಯಾಕೆಂದರೆ ಈ ಕ್ಯಾಸೆಟ್ಟುಗಳನ್ನು ಹೇಗೆ ನೋಡಬೇಕೆಂದು ನನಗೆ ಕಲಿಸಿದವರು ಅವರೇ.

ಖರೇ ಹೇಳ್ರಿ, ಈ ಕುಸ್ತಿ ಸುಳ್ಳಲ್ಲೇನ್ರಿ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದೇ. ಗೆಲ್ಲುವವರು ಯಾರೆಂದು ಮೊದಲೇ ಗೊತ್ತಾಗಿರುತ್ತದೆ. ಇದನ್ನು ಆ ಕಂಪನಿಯೇ 1989ರಲ್ಲಿ ನ್ಯೂಜೆರ್ಸಿ ರಾಜ್ಯದ ಸೆನೆಟ್ ಎದುರು ಒಪ್ಪಿಕೊಂಡಿತು. ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಹೇಳಿದರೆ ಕ್ರೀಡಾ ಆಯೋಗದ ನಿಯಂತ್ರಣ, ತೆರಿಗೆ ತಪ್ಪುತ್ತಿದ್ದವು. ಅದಕ್ಕೂ ಮುಂಚೆ ಈ ಗುಟ್ಟನ್ನು ಕಾಪಾಡುವ ಪದ್ಧತಿಗೆ ಅವರಲ್ಲೇ ಒಂದು ಹೆಸರಿತ್ತು: ಕೇಫೇಬ್. ಒಳ್ಳೆಯವನ ಪಾತ್ರ ಬೇಬಿಫೇಸ್, ಕೆಟ್ಟವನದು ಹೀಲ್.

ಬೆಟಗೇರಿಯಲ್ಲಿ ಈ ಸುದ್ದಿ ನಮಗೆ ಆಘಾತವೇನೂ ಆಗಲಿಲ್ಲ. ಕಾಲೇಜು ಓದುವ ಹುಡುಗನೊಬ್ಬ ಪಡಸಾಲೆಯಲ್ಲಿ ಎದ್ದು ನಿಂತು “ಇದೆಲ್ಲಾ ನಾಟಕ” ಎಂದಾಗ ಅಜ್ಜಿ ಒಳಗಿನಿಂದಲೇ ಕೇಳಿದಳು: “ದೊಡ್ಡಾಟದಾಗ ರಾವಣ ಖರೇ ಸಾಯ್ತಾನೇನು? ಹಂಗಂತ ಬೆಳತನಕ ಯಾರರ ಎದ್ದ್ ಹೋಗ್ತಾರೇನು?” ದೊಡ್ಡಾಟ ನೋಡಿ ಬೆಳೆದ ಊರಿಗೆ ಹೀಲ್ ಎಂದರೇನೆಂದು ಬಿಡಿಸಿ ಹೇಳಬೇಕಿರಲಿಲ್ಲ. ಕಿರೀಟ ಅಲ್ಲಾಡಿಸುತ್ತ ಅಬ್ಬರಿಸಿ ಬರುವ ರಾಕ್ಷಸ ವೇಷದ ಮುಂದೆ ಹೀಲ್ ಆಗಿದ್ದ ರಾಡಿ ಪೈಪರ್‌ನ ಸಿಟ್ಟು ನಮಗೆ ಹೊಸದಲ್ಲ.

ಪೈಲ್ವಾನರು ಇನ್ನೊಂದು ಮಾತು ಹೇಳಿದರು: “ಹೊಡತ ಹುಸಿ ಇರಬಹುದು. ಬೀಳೂದು ಹುಸಿ ಅಲ್ಲ. ಬೆನ್ನು ನೋಡ್ರಿ, ಮಾರಿ ನೋಡಬ್ಯಾಡ್ರಿ.” ಗರಡಿಯ ಕೆಮ್ಮಣ್ಣನ್ನು ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆಹಣ್ಣು ಹಾಕಿ ಮೆತ್ತಗೆ ಹದ ಮಾಡುತ್ತಾರೆ. ಆ ರಿಂಗಿನಲ್ಲಿರುವುದು ಉಕ್ಕಿನ ತೊಲೆ, ಮೇಲೆ ಮರದ ಹಲಗೆ, ತೆಳುವಾದ ಮೆತ್ತೆ, ಬಿಗಿದ ಕ್ಯಾನ್ವಾಸ್. ಅದರ ಮೇಲೆ ವರ್ಷಕ್ಕೆ ನೂರಾರು ರಾತ್ರಿ ಬೆನ್ನು ಕೊಟ್ಟು ಬಿದ್ದ ಮನುಷ್ಯನ ಮೂಳೆಗೆ ಕಥೆ ಯಾರು ಬರೆದರೆಂಬುದು ತಿಳಿಯುವುದಿಲ್ಲ. ಅವತ್ತಿನಿಂದ ನಾನು ಬೆನ್ನನ್ನೇ ನೋಡುತ್ತೇನೆ. ಯಾರು ಚೆನ್ನಾಗಿ ಬೀಳುತ್ತಾರೋ ಅವರೇ ಎದುರಾಳಿಯನ್ನು ದೊಡ್ಡವನನ್ನಾಗಿ ಮಾಡುತ್ತಾರೆ.

ಒಂದೇ ಒಂದು ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ, ಆ ಮೂರು ಎಣಿಕೆ. ನಮ್ಮ ನಿಕಾಲಿ ಕುಸ್ತಿಯಲ್ಲಿ ಬೆನ್ನು ನೆಲ ಮುಟ್ಟಿತೋ, ಚಿತ್ ಆಯಿತು, ಮುಗಿಯಿತು. “ಬಿದ್ದ ಮ್ಯಾಲೆ ಎಣಸೂದ್ಯಾಕ?” ಎನ್ನುತ್ತಿದ್ದರು.

ಕ್ಯಾಸೆಟ್ ಹಾಕಿದರೆ ಚಿತ್ರ ಕಪ್ಪುಬಿಳುಪಾಗಿ ಮೇಲಿಂದ ಕೆಳಗೆ ಉರುಳುತ್ತಿದೆ. ಹಾಳಾಗಿದೆಯೇ?

ಹಾಳಾಗಿಲ್ಲ. ಅದು ಅಮೆರಿಕದಿಂದ ನೇರ ಬಂದ ಕ್ಯಾಸೆಟ್. ಅವರದು ಎನ್‌ಟಿಎಸ್‌ಸಿ ಪದ್ಧತಿ: 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮದು ಪಾಲ್: 625 ಗೆರೆ, 25 ಚಿತ್ರ. ಹಳೆಯ ಪಾಲ್ ಯಂತ್ರ ಆ ಬಣ್ಣವನ್ನು ಓದಲಾರದು. ಎರಡೂ ಪದ್ಧತಿ ಓದುವ ವಿಸಿಆರ್ ಸಿಕ್ಕರೆ ಬಣ್ಣ ಬಂದೇ ಬರುತ್ತದೆ. ನಿಮ್ಮಲ್ಲಿ ಇಂಥದ್ದೊಂದು ಇದ್ದರೆ ಅದು ಪ್ರತಿಯ ಪ್ರತಿಯಲ್ಲ, ಜೋಪಾನ ಮಾಡಿ.

ಉಳಿದೆಲ್ಲಾ ಚೊಲೋ ಅದ, ಸರಿಯಾಗಿ ಮುಖ್ಯ ಜಾಗದಾಗ ಬಿಳಿ ಗೆರಿ ಬರತಾವ. ಯಾಕ?

ಈ ಪ್ರಶ್ನೆಗಾಗಿಯೇ ನಾನು ಈ ಕ್ಯಾಸೆಟ್ಟುಗಳನ್ನು ಕೂಡಿಸುತ್ತಿದ್ದೇನೆ ಎಂದರೂ ನಡೆದೀತು.

ವಿಸಿಆರ್ ಒಳಗೆ ಒಂದು ಡೋಲು ಇರುತ್ತದೆ. ಪಾಲ್ ಯಂತ್ರದಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಚಿತ್ರ ಓದುವ ಹೆಡ್ಡುಗಳು ಅದರ ಮೇಲಿರುತ್ತವೆ. ನೀವು ಚಿತ್ರ ನಿಲ್ಲಿಸುವ ಪಾಸ್ ಗುಂಡಿ ಒತ್ತಿದಾಗ ರೀಲು ನಿಲ್ಲುತ್ತದೆ, ಡೋಲು ನಿಲ್ಲುವುದಿಲ್ಲ. ಅದೇ ಒಂದು ಬೆರಳಗಲ ಜಾಗವನ್ನು ಹೆಡ್ಡು ಉಜ್ಜುತ್ತಲೇ ಇರುತ್ತದೆ. ಅಲ್ಲಿನ ಕಾಂತದ ಲೇಪ ಸವೆಯುತ್ತದೆ. ಹಿಂದಕ್ಕೆ ಮುಂದಕ್ಕೆ ಓಡಿಸಿದಾಗಲೂ ಅಲ್ಲಲ್ಲೇ ಸುಕ್ಕು ಬೀಳುತ್ತದೆ. ಎಂದರೆ, ಜನ ಯಾವ ಗಳಿಗೆಯನ್ನು ಹೆಚ್ಚು ಮೆಚ್ಚಿದರೋ ಆ ಗಳಿಗೆಯೇ ಮೊದಲು ಅಳಿಯುತ್ತದೆ.

ನಮ್ಮಲ್ಲೂ ಒಂದು ‘ಕುಸ್ತಿ 3’ ಇದೆ, ಎಂದರೆ ಮೂರನೆಯ ರೆಸಲ್‌ಮೇನಿಯಾ. 1987ರ ಮಾರ್ಚ್ 29, ಮಿಷಿಗನ್ನಿನ ಪಾಂಟಿಯಾಕ್ ಸಿಲ್ವರ್‌ಡೋಮ್. ಅಂದು ಪ್ರಕಟಿಸಿದ ಪ್ರೇಕ್ಷಕರ ಸಂಖ್ಯೆ 93,173. ಆಂಡ್ರೆ ದಿ ಜೈಂಟ್‌ನ ಎತ್ತರ 7 ಅಡಿ 4 ಅಂಗುಲ, ತೂಕ 520 ಪೌಂಡ್ ಎಂದು ಕಂಪನಿ ಸಾರಿತ್ತು. ಅವನನ್ನು ಹೋಗನ್ ಎತ್ತಿ ಒಗೆಯುವ ಜಾಗ ನಮ್ಮ ರೀಲಿನಲ್ಲಿ ಪೂರ್ತಿ ಹಿಮ ಬಿದ್ದಂತಾಗಿದೆ. ಆಂಡ್ರೆಯ ಕಾಲು ಮೇಲೆದ್ದದ್ದು ಕಾಣುತ್ತದೆ, ಆಮೇಲೆ ಬರೀ ಬಿಳಿ ಗೆರೆ, ಆಮೇಲೆ ಅವನು ನೆಲದ ಮೇಲೆ. ಅದು ಓಣಿಯ ಹುಡುಗರ ಕೆಲಸ. ಒಂದೇ ರಾತ್ರಿಯಲ್ಲಿ ಹದಿನೈದು ಸಲ ಹಿಂದಕ್ಕೆ ಹೊಡೆದದ್ದು ನನಗೆ ನೆನಪಿದೆ.

ಅದೇ ಕ್ಯಾಸೆಟ್ಟಿನಲ್ಲಿ ಇನ್ನೊಂದು ಗೆರೆ ಇದೆ. ಅದು ರಿಕಿ ಸ್ಟೀಮ್‌ಬೋಟ್ ಮತ್ತು ರ‍್ಯಾಂಡಿ ಸ್ಯಾವೇಜ್ ಪಂದ್ಯದಲ್ಲಿ, ಸ್ಟೀಮ್‌ಬೋಟ್ ಎದುರಾಳಿಯ ತೋಳಿಗೆ ತೋಳು ಸಿಕ್ಕಿಸಿ, ತಾನು ಬೀಳುತ್ತಲೇ ಅವನನ್ನು ಎಳೆದು ಉರುಳಿಸುವ ಕಡೆ. ಹುಡುಗರಿಗೆ ಅದರಲ್ಲಿ ಏನೂ ಇರಲಿಲ್ಲ. ಅದನ್ನು ಮತ್ತೆ ಮತ್ತೆ ಕೇಳಿದವರು ಕಂಬಕ್ಕೊರಗಿದ ಪೈಲ್ವಾನರು. “ಹಿಂದಕ್ಕ ಹೊಡಿ. ಅಲ್ಲೇ ನಿಲ್ಲಸು. ಕೈ ಎಲ್ಲಿ ಹಿಡದಾನ ನೋಡು, ಮೊಣಕೈ ಮ್ಯಾಲೆ. ಇದು ಕಲತವಾ ಅದಾನ.” ಸ್ಯಾವೇಜ್ ಆ ಪಂದ್ಯದ ಒಂದೊಂದು ಹೆಜ್ಜೆಯನ್ನೂ ಮೊದಲೇ ಬರೆದು ಯೋಜಿಸಿದ್ದನೆಂದು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಪೈಲ್ವಾನರು ಅದನ್ನು ಓದದೆಯೇ ಆ ಕಸುಬನ್ನು ಗುರುತು ಹಿಡಿದಿದ್ದರು. ಈಗ ಅವರಿಲ್ಲ. ಅವರ ಫೋಟೋ ಕೂಡ ನನ್ನ ಬಳಿ ಇಲ್ಲ. ಆ ಬಿಳಿ ಗೆರೆ ಇದೆ.

ಆದ್ದರಿಂದ ನಿಮ್ಮ ಕ್ಯಾಸೆಟ್ಟಿನಲ್ಲಿ ಗೆರೆ ಬಂದರೆ ಬೇಸರ ಮಾಡಿಕೊಳ್ಳಬೇಡಿ. ಎಲ್ಲಿ ಬರುತ್ತದೆಂದು ಬರೆದುಕೊಳ್ಳಿ, ಮನೆಯ ಹಿರಿಯರನ್ನು ಕೇಳಿ. ಕುಂದಗೋಳದಿಂದ ಬಂದ ಒಂದು ಕ್ಯಾಸೆಟ್ಟಿನಲ್ಲಿ ಹೆಚ್ಚು ಸವೆದದ್ದು ಕುಸ್ತಿಯೇ ಅಲ್ಲ, ಸೋತವನೊಬ್ಬ ಅಳುತ್ತಾ ಹೋಗುವ ಕಡೆ. ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದವರು ಯಾರೆಂದು ಆ ಮನೆಯವರಿಗೆ ಕೂಡಲೇ ತಿಳಿಯಿತು.

ಅಲ್ಟಿಮೇಟ್ ವಾರಿಯರ್ ನರ ಹರಿದು ಸತ್ತ, ಆಮೇಲೆ ಬಂದವನು ಬೇರೆಯವನು ಅಂತ ಸಾಲಿಯಲ್ಲಿ ಹೇಳುತ್ತಿದ್ದರು. ನಿಜವೇ?

ನಿಜವಲ್ಲ. 1991ರ ಆಗಸ್ಟ್‌ನಲ್ಲಿ ಅವನು ಕಂಪನಿಯ ಪಂದ್ಯಗಳಿಂದ ದೂರವಾದ. 1992ರ ಏಪ್ರಿಲ್‌ನಲ್ಲಿ ಮರಳಿದಾಗ ಕೂದಲು ಗಿಡ್ಡವಾಗಿತ್ತು, ಮೈಯೂ ಇಳಿದಿತ್ತು. ಮಸುಕಾದ ಪ್ರತಿಗಳಲ್ಲಿ ಅವನು ಬೇರೆ ಮನುಷ್ಯನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮನುಷ್ಯ ಒಬ್ಬನೇ. ಅವನು ತೀರಿಕೊಂಡದ್ದು 2014ರ ಏಪ್ರಿಲ್ 8ರಂದು, 54ನೇ ವಯಸ್ಸಿನಲ್ಲಿ, ಹಾಲ್ ಆಫ್ ಫೇಮ್ ಗೌರವ ಪಡೆದ ಮೂರೇ ದಿನಕ್ಕೆ.

ಅಂಡರ್‌ಟೇಕರ್ ಇಬ್ಬರಿದ್ದರು ಅನ್ನೋದು?

ಇದರಲ್ಲಿ ಮಾತ್ರ ಸಾಲಿಯ ಹುಡುಗರು ಅರ್ಧ ಗೆದ್ದರು. 1990ರ ನವೆಂಬರ್ 22ರಂದು ಸರ್ವೈವರ್ ಸೀರೀಸ್‌ನಲ್ಲಿ ಮೊದಲ ಬಾರಿ ಕಾಣಿಸಿಕೊಂಡ ಅಂಡರ್‌ಟೇಕರ್ ಮಾರ್ಕ್ ಕ್ಯಾಲವೇ. 1994ರ ಜನವರಿಯಲ್ಲಿ ಯೊಕೊಜುನಾ ಮತ್ತವನ ಸಂಗಡಿಗರು ಅವನನ್ನು ಶವಪೆಟ್ಟಿಗೆಗೆ ತುಂಬಿದರು. ಅಲ್ಲಿಂದ ಆಗಸ್ಟ್‌ವರೆಗೆ ಅವನು ಕಾಣಲಿಲ್ಲ. ಆ ಮಧ್ಯೆ ಬ್ರಿಯಾನ್ ಲೀ ಎಂಬ ಕುಸ್ತಿಪಟುವನ್ನು ಅದೇ ವೇಷದಲ್ಲಿ ಇಳಿಸಿದರು. 1994ರ ಆಗಸ್ಟ್ 29ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಇಬ್ಬರೂ ಎದುರುಬದುರಾದರು, ಅಸಲಿ ಗೆದ್ದ. 1996ರ ಹಿಂದಿ ಚಿತ್ರದಲ್ಲಿ ಅಕ್ಷಯ್ ಕುಮಾರ್ ಎತ್ತಿ ಹೊಡೆದದ್ದೂ ಈ ಬ್ರಿಯಾನ್ ಲೀಯನ್ನೇ. ಅಸಲಿ ಅಂಡರ್‌ಟೇಕರ್ ಆ ಚಿತ್ರದಲ್ಲಿ ಇಲ್ಲ. ಹುಬ್ಬಳ್ಳಿಯ ದುರ್ಗದಬೈಲಿನ ಮಿರ್ಚಿ ಗಾಡಿಯ ಮುಂದೆ ಈ ವಿಷಯಕ್ಕೆ ಗೆಳೆತನ ಮುರಿದುಕೊಂಡವರು ಈಗ ರಾಜಿಯಾಗಬಹುದು.

ಖಲಿ ಇರುವ ಕ್ಯಾಸೆಟ್ ಇದೆಯೇ?

ಇಲ್ಲ. ಭಾರತದ ಕುಸ್ತಿಪಟು ಖಲಿ ಆ ಕಂಪನಿಗೆ ಬಂದದ್ದು 2006ರಲ್ಲಿ. ಕ್ಯಾಸೆಟ್ಟಿನ ಕಾಲ ಮುಗಿದಿತ್ತು.

ಹಿರಿಯರು ದಾರಾ ಸಿಂಗ್ ಹೆಸರು ಹೇಳುತ್ತಾರೆ. ಅವರೂ ಇದೇ ಬಗೆಯ ಕುಸ್ತಿಯವರೇ?

ಹೌದು. ಮಣ್ಣಿನ ಅಖಾಡದಿಂದ ಬಂದವರು, ಮುಂದೆ ಜಗತ್ತು ಸುತ್ತಿ ಈ ಬಗೆಯ ಕುಸ್ತಿ ಆಡಿದರು. 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಸ್ಜ್‌ನನ್ನು ಸೋಲಿಸಿದರು. 2012ರ ಜುಲೈ 12ರಂದು ತೀರಿಕೊಂಡರು. 2018ರಲ್ಲಿ ಡಬ್ಲ್ಯೂಡಬ್ಲ್ಯೂಇ (ಡಬ್ಲ್ಯೂಡಬ್ಲ್ಯೂಎಫ್‌ನ ಈಗಿನ ಹೆಸರು) ತನ್ನ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರನ್ನು ಸೇರಿಸಿತು. ನಮ್ಮ ತಂದೆಯ ಪೀಳಿಗೆಗೆ ಹೋಗನ್ ಹೊಸಬನಾಗಿ ಕಾಣಲಿಲ್ಲವೆಂದರೆ ಕಾರಣ ದಾರಾ ಸಿಂಗ್.

ಕುಸ್ತಿಪಟುಗಳ ಚಿತ್ರ, ಅಂಕಿ ಇರುವ ಟ್ರಂಪ್ ಕಾರ್ಡುಗಳನ್ನೂ ಕೂಡಿಸುತ್ತೀರಾ?

ಒಂದು ಕಟ್ಟು ಇದೆ, ಅಂಚು ಸವೆದಿದೆ. ರ‍್ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್, ಆಡಿದ ಪಂದ್ಯ, ಗೆದ್ದ ಪಂದ್ಯ. ಇಂಗ್ಲಿಷ್ ಅಕ್ಷರ ನನಗೆ ಸಾಲಿಯಲ್ಲಿ ಬಂದದ್ದಕ್ಕಿಂತ ಬೇಗ ಈ ಕಾರ್ಡುಗಳಿಂದ ಬಂತು.

ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ. ಏನು ಮಾಡಲಿ?

ಮೊದಲು, ದಯವಿಟ್ಟು ಅದನ್ನು ಯಂತ್ರಕ್ಕೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಅಂಟಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ ಹೋಗುತ್ತದೆ. ಕಿಟಕಿಯಂಥ ಪಾರದರ್ಶಕ ಭಾಗದಲ್ಲಿ ಬೆಳಕಿಗೆ ಹಿಡಿದು ನೋಡಿ. ರೀಲಿನ ಸುತ್ತಿನ ಮೇಲೆ ಬಿಳಿ ಚುಕ್ಕೆ, ಎಳೆ ಕಂಡರೆ ಬೇರೆ ಇಡಿ. ಧಾರವಾಡ, ಕಲಘಟಗಿ, ಹಾನಗಲ್ ಕಡೆಯವಕ್ಕೆ ಮಲೆನಾಡ ಸೆರಗಿನ ಮಳೆಯಿಂದ ಬೂಷ್ಟು ಜಾಸ್ತಿ. ಗದಗ, ರೋಣದ ಕ್ಯಾಸೆಟ್ಟುಗಳಲ್ಲಿ ಬೂಷ್ಟು ಕಡಿಮೆ, ಕರಿಮಣ್ಣಿನ ಧೂಳು ಜಾಸ್ತಿ. ಧೂಳಾದರೆ ಸ್ವಚ್ಛ ಮಾಡುವುದು ಸುಲಭ.

ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಡಬ್ಬಿಯ ಸ್ಕ್ರೂ ಬಿಚ್ಚಿ, ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ರೀಲನ್ನು ನಿಧಾನ ಒರೆಸಬೇಕು. ತಾಳ್ಮೆ ಇಲ್ಲದಿದ್ದರೆ ಬಲ್ಲವರಿಗೆ ಕೊಡಿ. ಆಗಿನ ಕಾಲದಲ್ಲಿ ಹೊಸ ನೋಟನ್ನು ಮಡಚಿ ಹೆಡ್ಡು ಉಜ್ಜುತ್ತಿದ್ದೆವು. ಈಗ ಮಾಡಬೇಡಿ, ಹೆಡ್ಡು ಮುರಿದರೆ ಇನ್ನೊಂದು ಸಿಗುವುದು ಕಷ್ಟ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ಯಂತ್ರಗಳೇ ಬರುತ್ತಿಲ್ಲ.

ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಕ್ಯಾಸೆಟ್ಟಿನ ಹಿಂಬದಿಯ ಸಣ್ಣ ಹಲ್ಲನ್ನು ಮೊದಲು ಮುರಿಯಿರಿ. ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ರೀಲನ್ನು ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಓಡಿಸಿ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದ ಸುತ್ತು ಸಡಿಲಾಗುತ್ತದೆ. ಆಮೇಲೆ ವಿಸಿಆರ್‌ನಿಂದ ಯುಎಸ್‌ಬಿ ಕ್ಯಾಪ್ಚರ್ ಸಾಧನದ ಮೂಲಕ ಕಂಪ್ಯೂಟರಿಗೆ, 720 × 576, ಸೆಕೆಂಡಿಗೆ 25 ಚಿತ್ರ. ಮೂರು ತಾಸಿನ ಕ್ಯಾಸೆಟ್ಟಿಗೆ ಮೂರು ತಾಸೇ ಬೇಕು, ಅವಸರ ನಡೆಯುವುದಿಲ್ಲ. ಗೆರೆಗಳನ್ನು ಅಳಿಸುವ ತಂತ್ರಾಂಶ ಬಳಸಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ, ಕಾರಣ ಮೇಲೆ ಬರೆದಿದ್ದೇನೆ. ಇಳಿಸಿದ್ದು ನಿಮ್ಮ ಮನೆಯವರು ನೋಡಲು ಮಾತ್ರ, ಹಕ್ಕು ಇನ್ನೂ ಕಂಪನಿಯದೇ.

ಇಂಟರ್ನೆಟ್ಟಿನಲ್ಲಿ ಚಂದಾ ಕಟ್ಟಿದರೆ ಇದೇ ಪಂದ್ಯಗಳು ಸ್ವಚ್ಛವಾಗಿ ಸಿಗುತ್ತವಲ್ಲ?

ಸಿಗುತ್ತವೆ, ನಾನೂ ನೋಡುತ್ತೇನೆ. ಆಂಡ್ರೆ ಬಿದ್ದದ್ದನ್ನು ಗೆರೆಯಿಲ್ಲದೆ ಪೂರ್ತಿ ನೋಡಿದ್ದು ನಾನು ಹಾಗೆಯೇ. ಆದರೆ ಅವನ್ನೂ ಕಂಪನಿ ಕಾಲಕಾಲಕ್ಕೆ ತಿದ್ದುತ್ತದೆ. ಡಬ್ಲ್ಯೂಡಬ್ಲ್ಯೂಎಫ್ ಎಂಬ ಅದೇ ಅಕ್ಷರಗಳ ವನ್ಯಜೀವಿ ಸಂಸ್ಥೆಯೊಂದಿಗಿನ ಮೊಕದ್ದಮೆಯಿಂದ 2002ರಲ್ಲಿ ಹೆಸರು ಡಬ್ಲ್ಯೂಡಬ್ಲ್ಯೂಇ ಆಯಿತು. ಅಲ್ಲಿಂದ 2012ರವರೆಗೆ ತೊಂಬತ್ತರ ಕೊನೆಯ ಪಂದ್ಯಗಳಲ್ಲಿದ್ದ ಹಳೆಯ ಲಾಂಛನವನ್ನು ಮಸುಕು ಮಾಡಿಯೇ ತೋರಿಸಿದರು. ಅಟ್ಟದ ಮೇಲಿನ ರೀಲಿಗೆ ಯಾರೂ ಕೈ ಹಚ್ಚಿಲ್ಲ.

ಏನೂ ನೋಡದವರು ಎಲ್ಲಿಂದ ಶುರುಮಾಡಬೇಕು?

ಸ್ಟೀಮ್‌ಬೋಟ್-ಸ್ಯಾವೇಜ್ ಪಂದ್ಯದಿಂದ. ಹದಿನೈದು ನಿಮಿಷವೂ ಇಲ್ಲ. ಆಮೇಲೆ 1990ರ ಏಪ್ರಿಲ್ 1, ಟೊರಾಂಟೊದ ಹೋಗನ್-ವಾರಿಯರ್. ಇಬ್ಬರೂ ಒಳ್ಳೆಯವರು, ನಮ್ಮ ಪಡಸಾಲೆ ನಡುವೆ ಹರಿದು ಎರಡಾಗಿತ್ತು; ಸೋತ ಹೋಗನ್ ತಾನೇ ಪಟ್ಟವನ್ನು ವಾರಿಯರ್ ಕೈಗೆ ಕೊಟ್ಟಾಗ ನನ್ನ ಮಾವ ಎದ್ದು ಹೊರಗೆ ಹೋದರು, ಕಣ್ಣು ಒರೆಸಿಕೊಳ್ಳಲಿಕ್ಕೆ. ಒಬ್ಬರ ಹಿಂದೊಬ್ಬರು ರಿಂಗಿಗೆ ಇಳಿಯುವ ರಾಯಲ್ ರಂಬಲ್‌ನಲ್ಲಿ, 1992ರಲ್ಲಿ, ಮೂರನೆಯವನಾಗಿ ಒಳಬಂದ ರಿಕ್ ಫ್ಲೇರ್ ಸುಮಾರು ಒಂದು ತಾಸು ನಿಂತು ಗೆದ್ದದ್ದು. ಅದೇ ವರ್ಷ ಲಂಡನ್ನಿನ ವೆಂಬ್ಲಿಯಲ್ಲಿ ಬ್ರೆಟ್ ಹಾರ್ಟ್ ಮತ್ತು ಬ್ರಿಟಿಷ್ ಬುಲ್‌ಡಾಗ್. ಬ್ರೆಟ್ ಬೀಳುವುದನ್ನು ನೋಡಿ, ಅಂಥ ಬೆನ್ನು ಆ ಕಾಲದಲ್ಲಿ ಇನ್ನೊಂದಿಲ್ಲ.

ಮಾರಿದರೆ ಎಷ್ಟು ಬರಬಹುದು?

ಕೈಬರಹದ ಪ್ರತಿಗಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಮಾರಬೇಡಿ.

ಅಷ್ಟೊಂದು ಕ್ಯಾಸೆಟ್ಟುಗಳಿದ್ದವಲ್ಲ, ಎಲ್ಲಾ ಎಲ್ಲಿ ಹೋದವು?

ಕೆಲವು ಗುಜರಿಗೆ. ಕೆಲವುಗಳ ಮೇಲೆ ಮದುವೆ ರೆಕಾರ್ಡ್ ಆಯಿತು. ಅಕ್ಷತೆ ಮುಗಿದು ಊಟದ ಪಂಕ್ತಿ ಮುಗಿದ ಮೇಲೆ ಇದ್ದಕ್ಕಿದ್ದಂತೆ ಹೋಗನ್ ಬರುವ ಕ್ಯಾಸೆಟ್ ನನ್ನ ಬಳಿ ಎರಡಿವೆ. ಬಹಳಷ್ಟು ಹೊಲಕ್ಕೆ ಹೋದವು. ಒಂದು ಕ್ಯಾಸೆಟ್ಟಿನೊಳಗೆ 250 ಮೀಟರಿಗೂ ಹೆಚ್ಚು ರೀಲು ಇರುತ್ತದೆ. ಹಿಂಗಾರಿ ಜೋಳ ಹಾಲು ತುಂಬುವ ಹೊತ್ತಿಗೆ ಗೂಟ ನೆಟ್ಟು, ಆ ರೀಲನ್ನು ಒಂದಿಷ್ಟು ಹೊರಳಿಸಿ ಬಿಗಿದರೆ ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ದನಿ ಮಾಡುತ್ತದೆ, ಹಕ್ಕಿ ಇಳಿಯುವುದಿಲ್ಲ. ನಮ್ಮ ‘ಕುಸ್ತಿ 2’ ಹಾಗೆ ಮುಳಗುಂದದ ಕಡೆಯ ಹೊಲಕ್ಕೆ ಹೋಯಿತು. ಆ ಸಲ ಸೀತನಿ ತಿನ್ನಲು ಹೋದಾಗ ಬದುವಿನ ಮೇಲೆ ಕೂತು ಕೇಳಿದೆ. ಗಾಳಿ ಬಂದಾಗಲೆಲ್ಲ ರೀಲು ಗುಂಯ್ ಎನ್ನುತ್ತಿತ್ತು, ಗುಬ್ಬಿಗಳು ಗುಂಪಾಗಿ ಎದ್ದು ಪಕ್ಕದ ಹೊಲಕ್ಕೆ ಹಾರುತ್ತಿದ್ದವು.